ಮೈಯೆಲ್ಲಾ ಪೆಟ್ಟಾದವರ ಜೀವ ಉಳಿಯೋದು ಯಾವುದರ ಮೇಲೆ? ಹೆದ್ದಾರಿ ಬದಿಯವರು ತಿಳಿದಿರಬೇಕಾದ ಲೆಕ್ಕ

ಶಿರಾ: "ಕಾಲು ಮುರಿದಿತ್ತು ಅಷ್ಟೇ ಕಣ್ರೀ, ಚೆನ್ನಾಗೇ ಮಾತಾಡ್ತಿದ್ದ. ತುಮಕೂರು ಮುಟ್ಟೋದ್ರೊಳಗೆ ಹೋಗ್ಬಿಟ್ಟ." ಹೆದ್ದಾರಿ ಬದಿಯ ಊರುಗಳಲ್ಲಿ ಇಂಥ ಮಾತು ಕೇಳದವರು ಕಡಿಮೆ. ಅದೇ ರಸ್ತೆಯಲ್ಲಿ ಗುರುತು ಸಿಗದಷ್ಟು ರಕ್ತ ಮೆತ್ತಿಕೊಂಡು ಬಿದ್ದಿದ್ದವರು ಆರು ತಿಂಗಳಿಗೆ ಎದ್ದು ಬಂದು ಅಂಗಡಿಯಲ್ಲಿ ಕೂತಿದ್ದೂ ಉಂಟು. ಜನ ಇದನ್ನು 'ಅವನ ಆಯಸ್ಸು ಗಟ್ಟಿ ಇತ್ತು', 'ಇವನ ಋಣ ತೀರಿತ್ತು' ಅಂತ ಹೇಳಿ ಮಾತು ಮುಗಿಸ್ತಾರೆ.

ಆದರೆ ವೈದ್ಯಶಾಸ್ತ್ರ ಇದನ್ನು ಹಣೆಬರಹಕ್ಕೆ ಬಿಟ್ಟಿಲ್ಲ. ಒಂದಕ್ಕಿಂತ ಹೆಚ್ಚು ಕಡೆ ಭಾರಿ ಪೆಟ್ಟು ಬಿದ್ದವರಲ್ಲಿ ಯಾರು ಉಳಿಯುತ್ತಾರೆ, ಯಾರು ಉಳಿಯೋದು ಕಷ್ಟ ಅನ್ನೋದಕ್ಕೆ ಗೊತ್ತಿರುವ ಕಾರಣಗಳಿವೆ. ಉಸಿರು, ರಕ್ತ, ಮೈಯ ಬಿಸಿ, ತಲೆಯ ಪೆಟ್ಟು, ವಯಸ್ಸು, ಸಮಯ ಮತ್ತು ಯಾವ ಆಸ್ಪತ್ರೆಗೆ ಹೋದರು ಅನ್ನೋದು. ಇವುಗಳಲ್ಲಿ ಕೆಲವು ಯಾರ ಕೈಯಲ್ಲೂ ಇಲ್ಲ. ಆದರೆ ಕೆಲವು, ಮೊದಲು ಓಡಿ ಬರುವ ಟೀ ಅಂಗಡಿಯವರು, ಪಂಚರ್ ಅಂಗಡಿಯವರು, ಆಟೊದವರ ಕೈಯಲ್ಲೇ ಇವೆ.

ಇದು ದೂರದ ಮಾತಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಗೆ ಬಲಿಯಾದವರು 1,68,491 ಮಂದಿ. ಕರ್ನಾಟಕದಲ್ಲಿ 11,700ಕ್ಕೂ ಹೆಚ್ಚು. ಅದೇ ವರ್ಷ ಆಗಸ್ಟ್ 25ರ ಬೆಳಗಿನ ಜಾವ ಶಿರಾ ತಾಲ್ಲೂಕಿನ ಕಳ್ಳಂಬೆಳ್ಳ ಬಳಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿ ಮತ್ತು ಜೀಪ್ ಡಿಕ್ಕಿಯಾಗಿ, ಕೂಲಿಗೆಂದು ಬೆಂಗಳೂರಿಗೆ ಹೊರಟಿದ್ದ ಕುಟುಂಬಗಳ 9 ಜನ ಸತ್ತರು. ಅವರಲ್ಲಿ 3 ಮಕ್ಕಳು. ಹೆದ್ದಾರಿ ಅಷ್ಟೇ ಅಲ್ಲ, ತೆಂಗಿನ ಮರದಿಂದ ಬಿದ್ದವರು, ಟ್ರ್ಯಾಕ್ಟರ್ ಮಗುಚಿ ಅಡಿಗೆ ಸಿಕ್ಕಿದವರು, ಗೋಡೆ ಕುಸಿದು ಮೈಮೇಲೆ ಬಿದ್ದವರು ಕೂಡ ಇದೇ ಲೆಕ್ಕಕ್ಕೆ ಸೇರುತ್ತಾರೆ.

ಪೆಟ್ಟುಗಳು ಕೂಡೋದಿಲ್ಲ, ಗುಣಿಸುತ್ತವೆ

ಕಾಲು ಮುರಿದರೆ ಒಂದು ತೊಂದರೆ, ಪಕ್ಕೆಲುಬು ಮುರಿದರೆ ಇನ್ನೊಂದು, ಎರಡೂ ಆದರೆ ಎರಡು ತೊಂದರೆ ಅಂತ ನಾವು ಅಂದುಕೊಳ್ತೀವಿ. ದೇಹ ಹಾಗೆ ಲೆಕ್ಕ ಹಾಕೋದಿಲ್ಲ.

1974ರಿಂದ ವೈದ್ಯರು ಬಳಸುತ್ತಿರುವ ಒಂದು ಅಂಕದ ಪದ್ಧತಿ ಇದೆ. ದೇಹವನ್ನು ತಲೆ, ಮುಖ, ಎದೆ, ಹೊಟ್ಟೆ, ಕೈಕಾಲು ಮತ್ತು ಸೊಂಟ, ಚರ್ಮ ಹೀಗೆ ಆರು ಭಾಗ ಮಾಡಿ, ಪ್ರತಿ ಭಾಗದ ಪೆಟ್ಟಿಗೆ ಅಂಕ ಕೊಡುತ್ತಾರೆ. ಹೆಚ್ಚು ಪೆಟ್ಟಾದ ಮೂರು ಭಾಗಗಳ ಅಂಕವನ್ನು ತೆಗೆದುಕೊಂಡು, ಪ್ರತಿಯೊಂದನ್ನೂ ಅದರಿಂದಲೇ ಗುಣಿಸಿ ಕೂಡುತ್ತಾರೆ. ಗರಿಷ್ಠ 75. ಒಟ್ಟು 15 ದಾಟಿದರೆ ಭಾರಿ ಗಾಯ ಅಂತ ಲೆಕ್ಕ.

ಉದಾಹರಣೆಗೆ ತೊಡೆ ಮೂಳೆ ಮುರಿದರೆ 3 ಅಂಕ. ಬರೀ ಅದೊಂದೇ ಆದರೆ ಮೂರು ಮೂರ್ಲೆ 9. ಅದರ ಜೊತೆ ಎದೆಗೆ 3, ತಲೆಗೆ 4 ಅಂಕದ ಪೆಟ್ಟು ಸೇರಿದರೆ 9, 9 ಮತ್ತು 16, ಒಟ್ಟು 34. ಒಂದೊಂದೇ ಆಗಿದ್ದರೆ ಸುಧಾರಿಸಿಕೊಳ್ಳಬಹುದಾದ ಪೆಟ್ಟುಗಳು, ಒಟ್ಟಿಗೆ ಬಂದಾಗ ಜೀವಕ್ಕೇ ಸಂಚಕಾರ ತರುವುದು ಹೀಗೆ. ಕಾರಣ ಇಷ್ಟೇ: ಎದೆಯ ಪೆಟ್ಟಿನಿಂದ ಆಮ್ಲಜನಕ ಕಡಿಮೆಯಾಗುತ್ತೆ, ತೊಡೆಯ ಪೆಟ್ಟಿನಿಂದ ರಕ್ತ ಕಡಿಮೆಯಾಗುತ್ತೆ, ಮೊದಲೇ ಪೆಟ್ಟಾದ ಮಿದುಳಿಗೆ ಎರಡೂ ಸಾಲದೆ ಹೋಗುತ್ತೆ. ಒಂದು ಗಾಯ ಇನ್ನೊಂದರ ಸಾಲ ಹೆಚ್ಚಿಸುತ್ತಾ ಹೋಗುತ್ತೆ.

ಸಾವು ಬರುವ ಮೂರು ಹೊತ್ತು

ಇಂಥ ರೋಗಿಗಳ ಸಾವನ್ನು ವೈದ್ಯರು ಮೂರು ಹೊತ್ತಾಗಿ ವಿಂಗಡಿಸುತ್ತಾರೆ. ಮೊದಲನೆಯದು ಸ್ಥಳದಲ್ಲೇ, ನಿಮಿಷಗಳಲ್ಲಿ. ಹೃದಯದ ದೊಡ್ಡ ರಕ್ತನಾಳ ಹರಿದಿದ್ದರೆ, ಮಿದುಳಿನ ಬುಡ ಜಜ್ಜಿಹೋಗಿದ್ದರೆ ಯಾವ ಆಸ್ಪತ್ರೆಯೂ ಹೆಚ್ಚೇನೂ ಮಾಡಲಾರದು. ಇದಕ್ಕೆ ಇರುವ ಮದ್ದು ಹೆಲ್ಮೆಟ್, ಸೀಟ್ ಬೆಲ್ಟ್, ವೇಗಕ್ಕೆ ಕಡಿವಾಣ ಮಾತ್ರ.

ಎರಡನೆಯದು ಮುಂದಿನ ಕೆಲವು ಗಂಟೆಗಳಲ್ಲಿ. ಒಳಗೊಳಗೇ ರಕ್ತ ಸೋರಿ, ಉಸಿರಿನ ದಾರಿ ಕಟ್ಟಿ, ತಲೆಬುರುಡೆಯೊಳಗೆ ರಕ್ತ ತುಂಬಿ ಸಾಯುವವರು ಇವರು. 'ಮಾತಾಡ್ತಾನೇ ಇದ್ದ' ಅನ್ನಿಸಿಕೊಂಡು ಹೋದವರಲ್ಲಿ ಹೆಚ್ಚಿನವರು ಈ ಗುಂಪಿನವರೇ. ಸರಿಯಾದ ಕೆಲಸ ಸರಿಯಾದ ಹೊತ್ತಿಗೆ ಆದರೆ ಉಳಿಸಿಕೊಳ್ಳಬಹುದಾದವರೂ ಇವರೇ.

ಮೂರನೆಯದು ದಿನ, ವಾರಗಳ ನಂತರ. ಐಸಿಯುನಲ್ಲಿ ಸೋಂಕು ಹರಡಿ, ಮೂತ್ರಪಿಂಡ, ಶ್ವಾಸಕೋಶ ಒಂದೊಂದಾಗಿ ಕೈಕೊಟ್ಟು ಬರುವ ಸಾವು. 'ಹತ್ತು ದಿನ ಚೆನ್ನಾಗಿದ್ದ, ಆಮೇಲೆ ಇದ್ದಕ್ಕಿದ್ದಂಗೆ ಸೀರಿಯಸ್ ಆದ' ಅಂತ ಮನೆಯವರು ಕಂಗಾಲಾಗೋದು ಇಲ್ಲೇ. ಈ ಸೋಂಕಿಗೂ ಮೊದಲ ದಿನಕ್ಕೂ ನಂಟಿದೆ. ಮೊದಲ ಗಂಟೆಗಳಲ್ಲಿ ರಕ್ತ ಜಾಸ್ತಿ ಹೋಗಿ ಅಂಗಾಂಗಗಳು ಬಸವಳಿದಷ್ಟೂ ಮೂರನೇ ವಾರದ ಅಪಾಯ ಹೆಚ್ಚು.

ಮೊದಲು ಉಸಿರು

ಎಚ್ಚರ ತಪ್ಪಿ ಅಂಗಾತ ಬಿದ್ದವರ ನಾಲಿಗೆ ಹಿಂದಕ್ಕೆ ಜಾರಿ ಗಂಟಲು ಮುಚ್ಚುತ್ತೆ. ಬಾಯಲ್ಲಿ ರಕ್ತ, ವಾಂತಿ ಇದ್ದರೆ ಇನ್ನೂ ಬೇಗ. ಆಮ್ಲಜನಕ ಪೂರ್ತಿ ನಿಂತರೆ ಮಿದುಳು ನಾಲ್ಕೈದು ನಿಮಿಷದಲ್ಲೇ ಹಾಳಾಗತೊಡಗುತ್ತೆ. ಆಂಬುಲೆನ್ಸ್ ಎಷ್ಟೇ ಬೇಗ ಬಂದರೂ ಅಷ್ಟರಲ್ಲಿ ಬರೋದು ಕಷ್ಟ. ಗೊರಕೆ ಥರದ ಸದ್ದು ಬರ್ತಿದ್ರೆ 'ಆರಾಮಾಗಿ ನಿದ್ದೆ ಮಾಡ್ತಿದಾನೆ' ಅಂದುಕೊಳ್ಳಬಾರದು. ಅದು ಉಸಿರಿನ ದಾರಿ ಅರ್ಧ ಮುಚ್ಚಿದ ಸದ್ದು.

ಎರಡನೇ ಅಪಾಯ ಎದೆಯೊಳಗೆ. ಮುರಿದ ಪಕ್ಕೆಲುಬು ಶ್ವಾಸಕೋಶಕ್ಕೆ ಚುಚ್ಚಿದರೆ ಗಾಳಿ ಹೊರಗೆ ಸೋರಿ ಎದೆಗೂಡಲ್ಲಿ ತುಂಬಿಕೊಂಡು, ಶ್ವಾಸಕೋಶವನ್ನೂ ಹೃದಯವನ್ನೂ ಅದುಮುತ್ತೆ. ಇದಕ್ಕೆ ದೊಡ್ಡ ಆಪರೇಷನ್ ಬೇಕಿಲ್ಲ. ತರಬೇತಿ ಇರುವ ವೈದ್ಯರು ಎದೆಗೆ ಸೂಜಿ ಅಥವಾ ಕೊಳವೆ ಹಾಕಿ ಆ ಗಾಳಿಯನ್ನು ಹೊರಬಿಟ್ಟರೆ ಸಾಕು, ಸಾಯುತ್ತಿದ್ದವರು ಕಣ್ಣೆದುರಿಗೇ ಸುಧಾರಿಸಿಕೊಳ್ಳುತ್ತಾರೆ.

ಕಾಣದ ರಕ್ತವೇ ಹೆಚ್ಚು ಅಪಾಯ

ದೊಡ್ಡವರ ಮೈಯಲ್ಲಿ ಇರೋದು ಸುಮಾರು 5 ಲೀಟರ್ ರಕ್ತ. ಒಂದು ತೊಡೆ ಮೂಳೆ ಮುರಿದರೆ ಚರ್ಮ ಸ್ವಲ್ಪವೂ ಕಿತ್ತುಹೋಗದೆ ಒಳಗೇ ಒಂದರಿಂದ ಒಂದೂವರೆ ಲೀಟರ್ ಸೋರಬಹುದು. ಸೊಂಟದ ಮೂಳೆ ಮುರಿದರೆ ಇನ್ನೂ ಜಾಸ್ತಿ. ಹೊಟ್ಟೆಯೊಳಗೆ ಗುಲ್ಮ, ಯಕೃತ್ತು ಹರಿದರೆ ಹೊರಗಿನಿಂದ ಗೊತ್ತೇ ಆಗೋದಿಲ್ಲ. 'ಒಂದು ತೊಟ್ಟು ರಕ್ತ ಕಾಣಲಿಲ್ಲ' ಅನ್ನೋದು ಸಮಾಧಾನದ ಮಾತಲ್ಲ.

ಮೋಸ ಇರೋದು ಇನ್ನೊಂದು ಕಡೆ. ಗಟ್ಟಿಮುಟ್ಟಾದ ಹುಡುಗರ ದೇಹ ರಕ್ತನಾಳಗಳನ್ನು ಬಿಗಿ ಹಿಡಿದು, ಹೃದಯವನ್ನು ಜೋರಾಗಿ ಓಡಿಸಿ ತುಂಬಾ ಹೊತ್ತು ಸಂಭಾಳಿಸಿಕೊಳ್ಳುತ್ತೆ. ಹೆಚ್ಚುಕಮ್ಮಿ ಮೂರನೇ ಒಂದು ಪಾಲು ರಕ್ತ ಹೋಗುವವರೆಗೂ ಬಿಪಿ ಇಳಿಯದೆ ಇರಬಹುದು. ಆಮೇಲೆ ಮೆಟ್ಟಿಲಿನಂತೆ ಇಳಿಯೋದಿಲ್ಲ, ಬಾವಿಗೆ ಬಿದ್ದಂತೆ ಬೀಳುತ್ತೆ. ಅದಕ್ಕೇ ಬಿಪಿ ನೋಡಿ ಸುಮ್ಮನಾಗದೆ ಬೇರೆ ಗುರುತುಗಳನ್ನು ನೋಡಬೇಕು: ತಣ್ಣಗೆ ಬೆವರಿದ ಕೈ, ಬಿಳಿಚಿಕೊಂಡ ಮುಖ, ವೇಗವಾಗಿ ಸಣ್ಣಗೆ ಓಡುವ ನಾಡಿ, ತಡೆಯಲಾರದ ಬಾಯಾರಿಕೆ, ಕಾರಣವಿಲ್ಲದ ಗಾಬರಿ, ಆಮೇಲೆ ತೊದಲು ಮಾತು. 'ನೀರು ಕೊಡ್ರಪ್ಪಾ' ಅಂತ ಮತ್ತೆ ಮತ್ತೆ ಕೇಳ್ತಿದ್ರೆ ಅದು ಬಿಸಿಲಿನ ಬಾಯಾರಿಕೆ ಅಲ್ಲದೆ ಇರಬಹುದು, ರಕ್ತದ ಬಾಯಾರಿಕೆ ಆಗಿರಬಹುದು. ಆದರೂ ನೀರು ಕುಡಿಸಬಾರದು. ಎಚ್ಚರ ತಪ್ಪಿದರೆ ಅದೇ ನೀರು ಶ್ವಾಸಕೋಶಕ್ಕೆ ಹೋಗುತ್ತೆ, ಆಪರೇಷನ್‌ಗೆ ಅರಿವಳಿಕೆ ಕೊಡೋದೂ ಅಪಾಯವಾಗುತ್ತೆ.

ಚಳಿಗೆ ಹೆಪ್ಪು ಕೂರೋದಿಲ್ಲ

ಚಳಿಗಾಲದ ರಾತ್ರಿ ಹಾಲಿಗೆ ಹೆಪ್ಪು ಹಾಕಿದರೆ ಬೆಳಿಗ್ಗೆಗೆ ಮೊಸರು ಸರಿಯಾಗಿ ಆಗಿರೋದಿಲ್ಲ, ಇದು ಎಲ್ಲರ ಮನೆಯಲ್ಲೂ ಗೊತ್ತು. ರಕ್ತ ಹೆಪ್ಪುಗಟ್ಟುವ ಕ್ರಿಯೆಯೇ ಬೇರೆ, ಆದರೆ ಅದಕ್ಕೂ ಮೈಯ ಬಿಸಿ ಬೇಕು. ರಕ್ತ ಕಳೆದುಕೊಂಡವರ ಮೈ ತನ್ನಷ್ಟಕ್ಕೆ ತಣ್ಣಗಾಗುತ್ತೆ. ಒದ್ದೆ ಬಟ್ಟೆ, ರಾತ್ರಿಯ ಟಾರು ರಸ್ತೆ, ಗಾಳಿ ಬೀಸುವ ತೆರೆದ ಗಾಡಿ ಸೇರಿದರೆ ಇನ್ನೂ ಬೇಗ. 35 ಡಿಗ್ರಿಗಿಂತ ಕೆಳಗಿಳಿದಂತೆ ಹೆಪ್ಪುಗಟ್ಟುವ ಶಕ್ತಿ ಕುಂದುತ್ತೆ, ರಕ್ತ ಸೋರಿಕೆ ಜಾಸ್ತಿಯಾಗುತ್ತೆ, ಜಾಸ್ತಿಯಾದಷ್ಟೂ ಮೈ ಮತ್ತೆ ತಣ್ಣಗಾಗುತ್ತೆ. ಇದರ ಜೊತೆ ಆಮ್ಲಜನಕ ಸಾಲದೆ ರಕ್ತದಲ್ಲಿ ಹುಳಿಯ ಅಂಶ ಏರುತ್ತೆ. ಚಳಿ, ಹುಳಿ, ಹೆಪ್ಪುಗಟ್ಟದ ರಕ್ತ ಈ ಮೂರೂ ಒಂದನ್ನೊಂದು ಎಳೆದುಕೊಂಡು ಹೋಗುವ ಸುಳಿಯನ್ನು ವೈದ್ಯರು 'ಮಾರಕ ತ್ರಿಕೂಟ' ಅಂತಲೇ ಕರೆಯುತ್ತಾರೆ. ಲಂಡನ್ನಿನ ಆಸ್ಪತ್ರೆಯೊಂದರ ಅಧ್ಯಯನದಲ್ಲಿ, ಭಾರಿ ಗಾಯದ ರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗದವರ ರಕ್ತ ಆಸ್ಪತ್ರೆ ಬಾಗಿಲಿಗೆ ಬರುವಾಗಲೇ ಸರಿಯಾಗಿ ಹೆಪ್ಪುಗಟ್ಟುತ್ತಿರಲಿಲ್ಲ.

ಒಂದು ಕಂಬಳಿ, ಅಂಗಡಿಯಲ್ಲಿ ಬಿದ್ದಿರುವ ಗೋಣಿಚೀಲ, ಬ್ಯಾನರ್ ಬಟ್ಟೆ ಕೂಡ ಚಿಕಿತ್ಸೆ ಅನ್ನೋದು ಇದೇ ಕಾರಣಕ್ಕೆ. ಮುಖಕ್ಕೆ ಬಿಂದಿಗೆಗಟ್ಟಲೆ ನೀರು ಸುರಿಯೋ ನಮ್ಮ ಹಳೇ ಅಭ್ಯಾಸ ಇದಕ್ಕೆ ಪೂರ್ತಿ ಉಲ್ಟಾ.

'ಬೇಗ ಒಂದು ಬಾಟಲಿ ಗ್ಲೂಕೋಸ್ ಹಾಕ್ಸಿ' ಅಂತ ಸಂಬಂಧಿಕರು ಒತ್ತಾಯ ಮಾಡೋದೂ ಸಾಮಾನ್ಯ. ಹೋಗಿರೋದು ರಕ್ತ. ಬಾಟಲಿ ನೀರು ಲೆಕ್ಕವಿಲ್ಲದೆ ಏರಿಸಿದರೆ ಉಳಿದ ರಕ್ತ ತೆಳುವಾಗುತ್ತೆ, ಮೈ ಇನ್ನಷ್ಟು ತಣ್ಣಗಾಗುತ್ತೆ. ಹಾಗಾಗಿ ಈಗ ವೈದ್ಯರು ದ್ರವವನ್ನು ಅಳೆದು ಕೊಟ್ಟು, ಆದಷ್ಟು ಬೇಗ ರಕ್ತ ಮತ್ತು ಪ್ಲಾಸ್ಮಾ ಕೊಡುವ ಕಡೆ ನೋಡುತ್ತಾರೆ. ಯಾವುದೋ ದಾನಿ ಮೊದಲೇ ಕೊಟ್ಟಿಟ್ಟ ರಕ್ತ ಇದ್ದರೆ ಮಾತ್ರ ಇದು ಸಾಧ್ಯ. ಅಪಘಾತ ಆದ ಮೇಲೆ ವಾಟ್ಸ್ಆ್ಯಪ್‌ನಲ್ಲಿ ದಾನಿ ಹುಡುಕೋ ಹೊತ್ತಿಗೆ ಮೊದಲ ಗಂಟೆ ಮುಗಿದಿರುತ್ತೆ.

ಮೂರು ಗಂಟೆಯೊಳಗಿನ ಒಂದು ಇಂಜೆಕ್ಷನ್

ರಕ್ತಸ್ರಾವದಲ್ಲಿ ಹೊತ್ತು ಎಷ್ಟು ಮುಖ್ಯ ಅಂತ ತೋರಿಸಿಕೊಟ್ಟಿದ್ದು ಟ್ರಾನೆಕ್ಸಾಮಿಕ್ ಆಮ್ಲ ಅನ್ನೋ ಔಷಧ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋದರೆ ಮಾತ್ರೆ ರೂಪದಲ್ಲಿ ಕೊಡುವ, ಹೆಚ್ಚಿನ ಮೆಡಿಕಲ್ ಸ್ಟೋರ್‌ನವರಿಗೆ ಗೊತ್ತಿರುವ ಅಗ್ಗದ ಔಷಧ ಇದು. ಕಟ್ಟಿಕೊಂಡ ಹೆಪ್ಪು ಕರಗದಂತೆ ತಡೆಯೋದು ಇದರ ಕೆಲಸ. 40 ದೇಶಗಳ 274 ಆಸ್ಪತ್ರೆಗಳಲ್ಲಿ 20,211 ಗಾಯಾಳುಗಳ ಮೇಲೆ ಇದನ್ನು ಪರೀಕ್ಷಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಭಾರತದ ಆಸ್ಪತ್ರೆಗಳೂ ಅದರಲ್ಲಿದ್ದವು. ಔಷಧ ಸಿಗದವರಲ್ಲಿ ನೂರಕ್ಕೆ 16 ಮಂದಿ ಸತ್ತರೆ, ಸಿಕ್ಕವರಲ್ಲಿ 14.5.

ಇನ್ನೂ ಮುಖ್ಯವಾದದ್ದು ಮರುವರ್ಷ ಹೊತ್ತಿನ ಪ್ರಕಾರ ಬಿಡಿಸಿ ನೋಡಿದಾಗ ಗೊತ್ತಾಯಿತು. ಪೆಟ್ಟಾದ ಒಂದು ಗಂಟೆಯೊಳಗೆ ಕೊಟ್ಟಿದ್ದರೆ ರಕ್ತಸ್ರಾವದಿಂದ ಸಾಯುವ ಅಪಾಯ ಸುಮಾರು ಮೂರನೇ ಒಂದು ಭಾಗ ಕಡಿಮೆ. ಒಂದರಿಂದ ಮೂರು ಗಂಟೆಯೊಳಗೆ ಕೊಟ್ಟರೆ ಐದನೇ ಒಂದು ಭಾಗ ಕಡಿಮೆ. ಮೂರು ಗಂಟೆ ದಾಟಿದ ಮೇಲೆ ಕೊಟ್ಟರೆ ಉಪಯೋಗ ಇಲ್ಲ, ಅಪಾಯವೇ ಹೆಚ್ಚು. ಔಷಧ ಅದೇ, ಡೋಸ್ ಅದೇ. ಬದಲಾಗಿದ್ದು ಗಡಿಯಾರದ ಮುಳ್ಳು ಮಾತ್ರ. ಇದು ವೈದ್ಯರೇ ನೋಡಿ ಕೊಡಬೇಕಾದ ಇಂಜೆಕ್ಷನ್. ಆದರೆ ಅದು ಕೆಲಸಕ್ಕೆ ಬರುವ ಹೊತ್ತಿಗೆ ರೋಗಿಯನ್ನು ಆಸ್ಪತ್ರೆಗೆ ಮುಟ್ಟಿಸೋದು ಊರಿನವರ ಕೈಯಲ್ಲಿದೆ.

ತಲೆ ಪೆಟ್ಟು ಮತ್ತು 'ಕುಡಿದಿದಾನೆ ಬಿಡ್ರಿ'

ಮೈಯೆಲ್ಲಾ ಪೆಟ್ಟಾದವರಲ್ಲಿ ಸಾವಿಗೆ ರಕ್ತಸ್ರಾವದಷ್ಟೇ ದೊಡ್ಡ ಕಾರಣ ತಲೆಯ ಪೆಟ್ಟು. ಕಣ್ಣು ಬಿಡೋದು, ಮಾತಾಡೋದು, ಹೇಳಿದಂತೆ ಕೈಕಾಲು ಆಡಿಸೋದು ಈ ಮೂರನ್ನು ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತಾರೆ. 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮಿದುಳಿಗೆ ಗಂಭೀರ ಪೆಟ್ಟು ಅಂತ ಅರ್ಥ. ಇಂಥವರಲ್ಲಿ ಬಿಪಿ ಒಮ್ಮೆ 90ಕ್ಕಿಂತ ಕೆಳಗಿಳಿದರೂ ಸಾವಿನ ಅಪಾಯ ಸುಮಾರು ಎರಡು ಪಟ್ಟಾಗುತ್ತೆ ಅಂತ ಅಧ್ಯಯನಗಳು ತೋರಿಸಿವೆ. ಅಂದ್ರೆ ತಲೆ ಉಳಿಸಬೇಕಾದರೂ ಮೊದಲು ಕಾಲಿನ ರಕ್ತ ನಿಲ್ಲಿಸಬೇಕು.

ಕೆಲವರು ಬಿದ್ದು, ಸ್ವಲ್ಪ ಹೊತ್ತು ಎಚ್ಚರ ತಪ್ಪಿ, ಮತ್ತೆ ಎದ್ದು ಕೂತು ಮಾತಾಡ್ತಾರೆ. 'ಏನೂ ಆಗಿಲ್ಲ, ಮನೆಗೆ ಹೋಗ್ತೀನಿ' ಅಂತಾರೆ. ಒಂದೆರಡು ಗಂಟೆಯಲ್ಲಿ ತಲೆನೋವು, ವಾಂತಿ ಶುರುವಾಗಿ ಮಂಪರಿಗೆ ಜಾರುತ್ತಾರೆ. ತಲೆಬುರುಡೆ ಮತ್ತು ಮಿದುಳಿನ ಪೊರೆಯ ನಡುವೆ ರಕ್ತ ಸೇರಿಕೊಳ್ಳುತ್ತಿರುವ ಲಕ್ಷಣ ಇದು. ಬೇಗ ಸ್ಕ್ಯಾನ್ ಮಾಡಿ ಆ ರಕ್ತ ತೆಗೆದರೆ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ. ರಾತ್ರಿ ಮಲಗಿಸಿ ಬೆಳಿಗ್ಗೆ ನೋಡೋಣ ಅಂದರೆ ಬೆಳಗಾಗದೇ ಇರಬಹುದು. ಕುಡಿದು ಬಿದ್ದವರ ವಿಷಯದಲ್ಲಿ ಇದು ಇನ್ನೂ ಕಷ್ಟ. ತೊದಲು, ವಾಂತಿ, ಮಂಪರು ಎಲ್ಲವನ್ನೂ ಎಣ್ಣೆಯ ಲೆಕ್ಕಕ್ಕೆ ಬರೆದುಬಿಡ್ತೀವಿ. ತಲೆಗೆ ಪೆಟ್ಟಾದ ಕುಡುಕ, ಮೊದಲು ತಲೆಗೆ ಪೆಟ್ಟಾದವನು. ಕುಡಿತದ ಮಾತು ಆಮೇಲೆ.

ಹೆಲ್ಮೆಟ್ ಹಾಕಿದ್ದರೆ ತಲೆಗೆ ಗಾಯವಾಗುವ ಅಪಾಯ ಸುಮಾರು 69 ಶೇಕಡ, ಸಾಯುವ ಅಪಾಯ ಸುಮಾರು 42 ಶೇಕಡ ಕಡಿಮೆ ಅಂತ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ ವರದಿ ಹೇಳುತ್ತೆ. ಟ್ಯಾಂಕ್ ಮೇಲಿಟ್ಟ, ಪಟ್ಟಿ ಹಾಕದ ಹೆಲ್ಮೆಟ್ ಈ ಲೆಕ್ಕಕ್ಕೆ ಬರೋದಿಲ್ಲ.

ವಯಸ್ಸು, ಮಾತ್ರೆ, ಹಳೇ ಕಾಯಿಲೆ

ಅದೇ ಸ್ಕೂಟರ್, ಅದೇ ಪೆಟ್ಟು. ಮುಂದೆ ಕೂತಿದ್ದ ಮಗ ಉಳಿದ, ಹಿಂದೆ ಕೂತಿದ್ದ ತಂದೆ ಹೋದರು ಅನ್ನೋ ಸುದ್ದಿ ಬರೋದಕ್ಕೂ ಕಾರಣ ಇದೆ. ವಯಸ್ಸಾದವರಿಗೆ ನಾಲ್ಕು ಪಕ್ಕೆಲುಬು ಮುರಿದರೆ ನೋವಿಗೆ ಉಸಿರು ಪೂರ್ತಿ ಎಳೆಯಲಾಗದೆ, ಕೆಮ್ಮಲಾಗದೆ, ಕೆಲವೇ ದಿನದಲ್ಲಿ ನ್ಯುಮೋನಿಯಾ ಆಗುತ್ತೆ. ಹೃದಯಕ್ಕೆ ಅಂತ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ತೆಗೆದುಕೊಳ್ಳುವವರ ರಕ್ತ ಬೇಗ ನಿಲ್ಲೋದಿಲ್ಲ, ತಲೆಯೊಳಗಿನ ಸಣ್ಣ ಸೋರಿಕೆ ದೊಡ್ಡದಾಗುತ್ತೆ. ಬಿಪಿಯ ಕೆಲವು ಮಾತ್ರೆಗಳು ನಾಡಿ ವೇಗವಾಗದಂತೆ ತಡೆಯುವುದರಿಂದ, ರಕ್ತ ಹೋಗುತ್ತಿದ್ದರೂ ನಾಡಿ ನೋಡಿದವರಿಗೆ ಗೊತ್ತಾಗೋದಿಲ್ಲ. ಹಾಗಾಗಿ ಮನೆಯ ಹಿರಿಯರ ಮಾತ್ರೆ ಚೀಟಿಯ ಫೋಟೊ ಮಕ್ಕಳ ಮೊಬೈಲ್‌ನಲ್ಲಿ ಇರೋದು, ಆಸ್ಪತ್ರೆಯಲ್ಲಿ ಅರ್ಧ ಗಂಟೆ ಉಳಿಸುತ್ತೆ.

ಹತ್ತಿರದ ಆಸ್ಪತ್ರೆಯೋ, ದೊಡ್ಡ ಆಸ್ಪತ್ರೆಯೋ?

ಶಿರಾದಿಂದ ತುಮಕೂರಿಗೆ ಸುಮಾರು 50 ಕಿ.ಮೀ., ಬೆಂಗಳೂರಿಗೆ 120 ಕಿ.ಮೀ. 'ಸೀದಾ ಬೆಂಗಳೂರಿಗೇ ಹೊಡಿ' ಅನ್ನೋದು ಜನರ ಮೊದಲ ಮಾತು. ಈ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ಅಮೆರಿಕದ ಒಂದು ಹಳ್ಳಿ ಕಡೆಯ ಅಪಘಾತ. 1976ರ ಫೆಬ್ರವರಿಯಲ್ಲಿ ಜೇಮ್ಸ್ ಸ್ಟೈನರ್ ಅನ್ನೋ ಮೂಳೆ ವೈದ್ಯರು ತಾವೇ ಓಡಿಸುತ್ತಿದ್ದ ಸಣ್ಣ ವಿಮಾನ ನೆಬ್ರಾಸ್ಕಾದ ಹೊಲಕ್ಕೆ ಬಿತ್ತು. ಹೆಂಡತಿ ಸ್ಥಳದಲ್ಲೇ ತೀರಿಕೊಂಡರು, ನಾಲ್ಕು ಮಕ್ಕಳಲ್ಲಿ ಮೂವರಿಗೆ ಭಾರಿ ಪೆಟ್ಟು. ಹತ್ತಿರದ ಸಣ್ಣ ಆಸ್ಪತ್ರೆಯಲ್ಲಿ ಯಾವುದನ್ನು ಮೊದಲು ನೋಡಬೇಕು ಅನ್ನೋದೇ ಅಲ್ಲಿದ್ದವರಿಗೆ ಗೊತ್ತಿರಲಿಲ್ಲ. ಸ್ಟೈನರ್ ಮತ್ತು ಜೊತೆಯ ವೈದ್ಯರು ಸೇರಿ ಸಣ್ಣ ಊರಿನ ವೈದ್ಯರಿಗಾಗಿಯೇ 1978ರಲ್ಲಿ ಒಂದು ತರಬೇತಿ ಶುರು ಮಾಡಿದರು. ಉಸಿರಿನ ದಾರಿ, ಉಸಿರಾಟ, ರಕ್ತ, ಮಿದುಳು, ಆಮೇಲೆ ಪೂರ್ತಿ ಮೈ ತೆರೆದು ನೋಡೋದು ಅನ್ನೋ ಆ ಕ್ರಮವನ್ನೇ ಇವತ್ತು ಜಗತ್ತಿನೆಲ್ಲೆಡೆ ವೈದ್ಯರು ಅನುಸರಿಸುತ್ತಾರೆ.

ಅದರ ಸಾರ ತಾಲ್ಲೂಕಿನವರಿಗೂ ಅನ್ವಯ. ಉಸಿರಿನ ದಾರಿ ಬಿಡಿಸೋದು, ಆಮ್ಲಜನಕ ಕೊಡೋದು, ಎದೆಯ ಗಾಳಿ ತೆಗೆಯೋದು, ಮುರಿದ ಸೊಂಟಕ್ಕೆ ಬೆಡ್‌ಶೀಟ್ ಬಿಗಿದು ಕಟ್ಟೋದು, ಟ್ರಾನೆಕ್ಸಾಮಿಕ್ ಇಂಜೆಕ್ಷನ್ ಕೊಡೋದು, ಇದಕ್ಕೆಲ್ಲ ದೊಡ್ಡ ಕಟ್ಟಡ ಬೇಡ. ಇವು ಆಗದೆ 120 ಕಿ.ಮೀ. ಓಡಿದರೆ ದಾರಿಯಲ್ಲೇ ಮುಗಿಯಬಹುದು. ಆದರೆ ಹೊಟ್ಟೆಯೊಳಗಿನ ರಕ್ತ ನಿಲ್ಲಿಸಲು ಆಪರೇಷನ್ ಬೇಕು, ತಲೆಗೆ ಸಿಟಿ ಸ್ಕ್ಯಾನ್ ಮತ್ತು ನರಶಸ್ತ್ರವೈದ್ಯರು ಬೇಕು. ಅವಿಲ್ಲದ ಕಡೆ ಗಂಟೆಗಟ್ಟಲೆ ಇಟ್ಟುಕೊಳ್ಳೋದೂ ಅಷ್ಟೇ ತಪ್ಪು. ಜೀವ ಹಿಡಿದು ನಿಲ್ಲಿಸುವ ಕೆಲಸ ಹತ್ತಿರದಲ್ಲಿ ಆಗಲಿ, ಆಮೇಲೆ ಒಂದೇ ಒಂದು ರೆಫರ್, ಅದೂ ಆ ಆಸ್ಪತ್ರೆಗೆ ಫೋನ್ ಮಾಡಿ ಬೆಡ್, ವೈದ್ಯರು ಇದ್ದಾರೆಂದು ಖಚಿತಪಡಿಸಿಕೊಂಡ ಮೇಲೆ. ಮೂರು ಆಸ್ಪತ್ರೆ ಬಾಗಿಲು ಸುತ್ತಿ ನಾಲ್ಕನೆಯದಕ್ಕೆ ಹೋದವರ ಹೊತ್ತು ಯಾರೂ ವಾಪಸ್ ಕೊಡೋದಿಲ್ಲ.

'ಪೊಲೀಸ್ ಕೇಸ್ ಆಗುತ್ತೆ' ಅನ್ನೋ ಭಯ

2016ರ ಫೆಬ್ರವರಿಯಲ್ಲಿ ನೆಲಮಂಗಲ ಬಳಿ ಇದೇ ಹೆದ್ದಾರಿಯಲ್ಲಿ ಲಾರಿ ಹರಿದು ದೇಹ ತುಂಡಾದ ಯುವಕನೊಬ್ಬ, ಪ್ರಾಣ ಹೋಗುವ ಮುನ್ನ ತನ್ನ ಅಂಗಾಂಗ ದಾನ ಮಾಡಿ ಅಂತ ಕೇಳಿಕೊಂಡಿದ್ದು ನಾಡಿಗೇ ಗೊತ್ತು. ಅವನ ಹೆಸರಲ್ಲೇ ರಾಜ್ಯ ಸರ್ಕಾರ 'ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ' ತಂದು, ಅಪಘಾತದ ಮೊದಲ 48 ಗಂಟೆಗೆ 25 ಸಾವಿರ ರೂ.ವರೆಗೆ ಚಿಕಿತ್ಸಾ ವೆಚ್ಚ ಭರಿಸುವ ವ್ಯವಸ್ಥೆ ಮಾಡಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ವಾಹನ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನದವರೆಗೆ, 1.5 ಲಕ್ಷ ರೂ. ತನಕ ಚಿಕಿತ್ಸೆಗೆ ಅವಕಾಶ ಇದೆ.

ದುಡ್ಡಿಗಿಂತ ದೊಡ್ಡ ತಡೆ ಭಯ. 'ಮುಟ್ಟಿದ್ರೆ ಸಾಕ್ಷಿಗೆ ಅಲೆದಾಡಿಸ್ತಾರೆ' ಅಂತ ಸುತ್ತ ನಿಂತವರು ವಿಡಿಯೋ ಮಾಡ್ತಾ ನಿಲ್ಲೋದು ಇದಕ್ಕೇ. ಕಾನೂನು ಈಗ ಹಾಗಿಲ್ಲ. ಪೊಲೀಸ್ ವಿಧಿವಿಧಾನಕ್ಕೆ ಕಾಯದೆ ಮೊದಲು ಚಿಕಿತ್ಸೆ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ನೆರವಾದವರ ರಕ್ಷಣೆಯ ಮಾರ್ಗಸೂಚಿಗಳಿಗೆ 2016ರಲ್ಲಿ ಕಾನೂನಿನ ಬಲ ಕೊಟ್ಟಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಂ ಪ್ರಕಾರ ಒಳ್ಳೇ ಮನಸ್ಸಿನಿಂದ ನೆರವಾದವರ ಮೇಲೆ ಸಿವಿಲ್, ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ. ಹೆಸರು, ವಿಳಾಸ ಹೇಳಲೇಬೇಕು ಅಂತ ಒತ್ತಾಯಿಸುವಂತಿಲ್ಲ. ಆಸ್ಪತ್ರೆಗೆ ಬಿಟ್ಟು ಹೊರಡಬಹುದು. ಗಂಭೀರವಾಗಿ ಗಾಯಗೊಂಡವರನ್ನು ಮೊದಲ ಗಂಟೆಯಲ್ಲೇ ಆಸ್ಪತ್ರೆಗೆ ಸೇರಿಸಿದವರಿಗೆ ಕೊಡುವ ಬಹುಮಾನವನ್ನು ಕೇಂದ್ರ 5 ಸಾವಿರದಿಂದ 25 ಸಾವಿರ ರೂ.ಗೆ ಏರಿಸಿದೆ.

ಅಂಗಡಿ ಮುಂದೆ ಅಪಘಾತವಾದರೆ

- ಮೊದಲು ಹಿಂದಿನಿಂದ ಬರುವ ವಾಹನ ನಿಲ್ಲಿಸಿ. ನೆರವಿಗೆ ಹೋದವರೇ ಇನ್ನೊಂದು ಅಪಘಾತಕ್ಕೆ ಸಿಗಬಾರದು.
- ಒಬ್ಬರು 108ಕ್ಕೆ ಅಥವಾ 112ಕ್ಕೆ, ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೂ ಫೋನ್ ಮಾಡಿ. ಕಿಲೋಮೀಟರ್ ಕಲ್ಲು, ಪೆಟ್ರೋಲ್ ಬಂಕ್, ಟೋಲ್, ಬೆಂಗಳೂರು ಕಡೆಯ ರಸ್ತೆಯೋ ಹಿರಿಯೂರು ಕಡೆಯದೋ ಅನ್ನೋದು ಹೇಳಿ.
- ರಕ್ತ ಹರಿಯುತ್ತಿದ್ದರೆ ಶುಭ್ರ ಬಟ್ಟೆ ಇಟ್ಟು ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯಿರಿ. ನಿಂತಿತಾ ಅಂತ ಪದೇ ಪದೇ ತೆಗೆದು ನೋಡಬೇಡಿ. ಕಾಫಿ ಪುಡಿ, ಅರಿಶಿನ, ಸುಣ್ಣ ಯಾವುದೂ ಬೇಡ.
- ಕೈಕಾಲಿನಿಂದ ರಕ್ತ ಚಿಮ್ಮುತ್ತಿದ್ದು, ಒತ್ತಿದರೂ ನಿಲ್ಲದಿದ್ದರೆ ಮಾತ್ರ ಗಾಯಕ್ಕಿಂತ ನಾಲ್ಕು ಬೆರಳು ಮೇಲೆ ಅಗಲ ಬಟ್ಟೆಯಿಂದ ಬಿಗಿಯಾಗಿ ಕಟ್ಟಿ, ಕಟ್ಟಿದ ಸಮಯ ಬರೆದಿಡಿ. ಕೀಲಿನ ಮೇಲೆ ಕಟ್ಟಬೇಡಿ. ತಂತಿ, ದಾರ ಬಳಸಬೇಡಿ.
- ಮೈಗೆ ಚುಚ್ಚಿಕೊಂಡ ಕಬ್ಬಿಣ, ಗಾಜು, ಕೊಂಬೆಯನ್ನು ಕೀಳಬೇಡಿ. ತುಂಡಾದ ಬೆರಳು ಸಿಕ್ಕರೆ ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಆ ಕವರನ್ನು ಐಸ್ ಮೇಲಿಡಿ. ಬೆರಳಿಗೆ ನೇರವಾಗಿ ಐಸ್ ತಾಗಬಾರದು.
- ಕೈಕಾಲು ಹಿಡಿದು ಎಳೆಯಬೇಡಿ, ಎತ್ತಿ ಕೂರಿಸಬೇಡಿ. ಎಚ್ಚರ ತಪ್ಪಿ ವಾಂತಿಯಾಗುತ್ತಿದ್ದರೆ ಮೂರ್ನಾಲ್ಕು ಜನ ಸೇರಿ ತಲೆ, ಕುತ್ತಿಗೆ, ಬೆನ್ನು ಒಂದೇ ಗೆರೆಯಲ್ಲಿರುವಂತೆ ಪಕ್ಕಕ್ಕೆ ಹೊರಳಿಸಿ. ಉಸಿರಿಗೆ ಅಡ್ಡಿಯಾಗದಿದ್ದರೆ ಹೆಲ್ಮೆಟ್ ತೆಗೆಯೋ ಆತುರ ಬೇಡ.
- ನೀರು, ಟೀ, ಸೋಡಾ ಕುಡಿಸಬೇಡಿ. ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಹಿಡಿಸೋದು, ಬಾಯಿಗೆ ಚಮಚ ತುರುಕೋದು ಬೇಡ. ಒದ್ದೆ ಬಟ್ಟೆ ಸರಿಸಿ, ಬೆಚ್ಚಗೆ ಹೊದಿಸಿ.
- ಆಂಬುಲೆನ್ಸ್ ಬರುವುದು ತೀರಾ ತಡ ಅಂತ ಗೊತ್ತಾದರೆ, ಆಟೊದಲ್ಲಿ ಮಡಚಿ ಕೂರಿಸುವ ಬದಲು ಹಿಂದೆ ಚಪ್ಪಟೆ ಜಾಗ ಇರುವ ಗೂಡ್ಸ್ ಗಾಡಿಯಲ್ಲಿ, ಹಲಗೆ ಅಥವಾ ಬಾಗಿಲಿನ ಮೇಲೆ ಮಲಗಿಸಿ ಕರೆದೊಯ್ಯಿರಿ. ದಾರಿಯುದ್ದಕ್ಕೂ ಒಬ್ಬರು ಗಾಯ ಒತ್ತಿ ಹಿಡಿದಿರಬೇಕು.
- ಅಪಘಾತವಾದ ಸಮಯ, ಹೇಗೆ ಬಿದ್ದರು, ನಡುವೆ ಎಚ್ಚರ ತಪ್ಪಿತ್ತಾ ಅನ್ನೋದನ್ನು ವೈದ್ಯರಿಗೆ ಹೇಳಿ. ಅಲ್ಲಿದ್ದವರಿಗೆ ಬಿಟ್ಟು ಇದು ಬೇರೆ ಯಾರಿಗೂ ಗೊತ್ತಿರೋದಿಲ್ಲ.

ಹೆದ್ದಾರಿ ಬದಿಯ ಒಂದೊಂದು ಅಂಗಡಿಯಲ್ಲೂ ಒಂದು ಹಳೇ ಕಂಬಳಿ, ನಾಲ್ಕು ತೊಳೆದ ಪಂಚೆ, ಒಂದು ಜೊತೆ ಗ್ಲೌಸ್, ಒಂದು ಕತ್ತರಿ, ಒಂದು ಟಾರ್ಚ್ ಮತ್ತು ಗೋಡೆಯ ಮೇಲೆ ದೊಡ್ಡದಾಗಿ ಬರೆದ 108, 112, 1033 ಇದ್ದರೆ ಐನೂರು ರೂಪಾಯಿಯ ಆಸುಪಾಸಿನ ಖರ್ಚು. ಮೂರು ತಿಂಗಳಿಗೊಮ್ಮೆ ರಕ್ತ ಕೊಡುವ ನಾಲ್ಕು ಜನ ಆ ಸಾಲಿನಲ್ಲಿದ್ದರೆ ಇನ್ನೂ ಒಳ್ಳೇದು. ಬಿದ್ದವರ ವಯಸ್ಸನ್ನು, ಡಿಕ್ಕಿಯ ರಭಸವನ್ನು ಯಾರೂ ಬದಲಿಸಲಾಗದು. ಆ ನಂತರದ ಮೊದಲ ಹತ್ತು ನಿಮಿಷ ಮಾತ್ರ ಊರಿನವರದ್ದು.